64 ಜಿಬಿ ಯಾರಿಗೆ ಸಾಕು?

ಗದಗ-ಬೆಟಗೇರಿಯ ಮೊಬೈಲ್ ಅಂಗಡಿಗೆ ಬಂದ ಗಿರಾಕಿಗಳು ಹಿಂದೆಲ್ಲ ಮೊದಲು ಕ್ಯಾಮೆರಾ ವಿಚಾರಿಸುತ್ತಿದ್ದರು, ಆಮೇಲೆ ಬ್ಯಾಟರಿ. ಈಗ ಅವರ ಮೊದಲ ಮಾತೇ ‘ಎಷ್ಟು ಜಿಬಿ ಐತ್ರಿ?’. ಲಕ್ಷ್ಮೇಶ್ವರದ ಪೇಟೆಯಲ್ಲೂ ಇದೇ ಮಾತು, ಶಿರಹಟ್ಟಿ ಮುಂಡರಗಿಯಲ್ಲೂ ಇದೇ. ಅಂಗಡಿಯವರು ‘ನಾಕು ಅರವತ್ನಾಕು’ ಅನ್ನುತ್ತಾರೆ, ಇಲ್ಲವೇ ‘ಆರು ನೂರಾ ಇಪ್ಪತ್ತೆಂಟು’ ಅನ್ನುತ್ತಾರೆ. ಎರಡರ ನಡುವೆ ಎರಡು ಮೂರು ಸಾವಿರ ರೂಪಾಯಿ ಅಂತರ. ಹೆಸರು ಮಾರಿದ ರೊಕ್ಕ ಹಿಡಿದು ಬಂದವರಿಗೆ ಅದು ಒಂದು ಚೀಲ ಡಿಎಪಿ ಗೊಬ್ಬರದ ಬೆಲೆಯನ್ನೂ ಮೀರಿದ ಮೊತ್ತ. ಹಾಗಾಗಿ ಅವರು ಸಣ್ಣದನ್ನೇ ಕೈಗೆತ್ತಿಕೊಂಡು ಮತ್ತೊಮ್ಮೆ ಕೇಳುತ್ತಾರೆ: ‘ದಿನಾ ಬಳಸಾಕ ಇಷ್ಟ ಸಾಕಲ್ರಿ?’

‘ಸಾಕ್ರಿ, ಆರಾಮ ನಡೀತೈತಿ’ ಅನ್ನುತ್ತಾರೆ ಅಂಗಡಿಯವರು. ಕೆಲವು ತಿಂಗಳು ಕಳೆಯುವುದರೊಳಗೆ ಅದೇ ಫೋನು ಜಾಗ ಇಲ್ಲ ಎಂದು ತೋರಿಸತೊಡಗುತ್ತದೆ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಕೊಂಡವರು ಅತಿಯಾಗಿ ಬಳಸಿದರು ಅನ್ನುವಂತೆಯೂ ಇಲ್ಲ. ಒಬ್ಬ ಮನುಷ್ಯನ ಸ್ವಂತ ನಿತ್ಯದ ಬಳಕೆಗೆ 64 ಜಿಬಿ ಸಾಲುತ್ತದೆ ಎಂದು ಲೆಕ್ಕ ಹಾಕಿ ತೋರಿಸಬಹುದು; ಮುಂದೆ ತೋರಿಸುತ್ತೇನೆ. ಆದರೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಫೋನು ಅದನ್ನು ಕೊಂಡವರ ಸ್ವಂತದ್ದಾಗಿ ಉಳಿದಿಲ್ಲ. ಸರ್ಕಾರದ ಇಲಾಖೆಗಳು, ಕಂಪನಿಗಳು, ನೂರಾರು ಜನರ ವಾಟ್ಸ್‌ಆ್ಯಪ್ ಗುಂಪುಗಳು ಎಲ್ಲವೂ ಅದರೊಳಗೆ ಜಾಗ ಹಿಡಿದು ಕೂತಿವೆ. ‘ಸಾಕೇ’ ಎಂದು ಕೇಳುವ ಮೊದಲು ‘ಯಾರ ಕೆಲಸಕ್ಕೆ’ ಎಂದು ಕೇಳಬೇಕಾಗಿದೆ.

ಮೊದಲು ಆ ಎರಡು ಅಂಕಿಗಳು. ನಾಲ್ಕು ಎಂದರೆ ರ‍್ಯಾಮ್, ಅರವತ್ನಾಲ್ಕು ಎಂದರೆ ಸ್ಟೋರೇಜ್. ನಮ್ಮಲ್ಲಿ ಎರಡನ್ನೂ ಸೇರಿಸಿ ‘ಮೆಮೊರಿ’ ಅನ್ನುತ್ತೇವೆ, ಗೊಂದಲ ಶುರುವಾಗುವುದು ಅಲ್ಲಿಯೇ. ಗದಗ ಎಪಿಎಂಸಿಯ ದಲಾಲಿ ಅಂಗಡಿಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹಿಂದಿನ ಗೋದಾಮಿನಲ್ಲಿ ಚೀಲಗಳು ವರ್ಷಗಟ್ಟಲೆ ಇರಬಹುದು, ಅದು ಸ್ಟೋರೇಜ್. ಟೆಂಡರಿಗೆಂದು ಅವತ್ತಿನ ಮಾಲನ್ನು ಸುರಿಯುವ ಮುಂದಿನ ಕಟ್ಟೆ ರ‍್ಯಾಮ್. ಕಟ್ಟೆ ಚಿಕ್ಕದಾದರೆ ಒಬ್ಬರ ಕಡಲೆ ಬಳಿದು ತೆಗೆದ ಮೇಲೆಯೇ ಇನ್ನೊಬ್ಬರ ಜೋಳ ಸುರಿಯಬೇಕು. ಗೋದಾಮು ಎಷ್ಟೇ ದೊಡ್ಡದಿದ್ದರೂ ಈ ಇಕ್ಕಟ್ಟು ತಪ್ಪುವುದಿಲ್ಲ.

ಫೋನಿನಲ್ಲಿ ಈ ಇಕ್ಕಟ್ಟು ಎಲ್ಲಿ ಕಾಣಿಸುತ್ತದೆಂದರೆ, ಒಂದು ಆ್ಯಪ್‌ನಲ್ಲಿ ಹೆಸರು, ಸರ್ವೆ ನಂಬರು, ಆಧಾರ್ ಸಂಖ್ಯೆ ಎಲ್ಲ ತುಂಬಿಸಿ ‘ಫೋಟೊ ತೆಗೆಯಿರಿ’ ಎಂಬುದನ್ನು ಒತ್ತುತ್ತೇವೆ. ಕ್ಯಾಮೆರಾ ತೆರೆದುಕೊಳ್ಳಲು ರ‍್ಯಾಮ್ ಬೇಕು. ಇರುವುದು ಎರಡೇ ಜಿಬಿಯಾದರೆ ಆಂಡ್ರಾಯ್ಡ್ ವ್ಯವಸ್ಥೆ ಹಿಂದೆ ಕಾಯುತ್ತಿರುವ ಆ್ಯಪ್ಪನ್ನೇ ಮುಚ್ಚಿ ಕ್ಯಾಮೆರಾಕ್ಕೆ ಜಾಗ ಮಾಡಿಕೊಡುತ್ತದೆ. ಫೋಟೊ ತೆಗೆದು ಹಿಂದಿರುಗಿದರೆ ತುಂಬಿಸಿದ್ದೆಲ್ಲ ಹೋಗಿ ಖಾಲಿ ಪುಟ ನಿಂತಿರುತ್ತದೆ. ಬಿಸಿಲಲ್ಲಿ ಹೊಲದ ಬದುವಿನ ಮೇಲೆ ನಿಂತು ಮೂರು ಸಲ ಇದನ್ನೇ ಅನುಭವಿಸಿದವರು ‘ಆ್ಯಪ್ ಕೆಟ್ಟೈತಿ’ ಅನ್ನುತ್ತಾರೆ, ಇಲ್ಲವೇ ‘ನಮಗ ಇದು ತಿಳಿಯಂಗಿಲ್ಲ ಬಿಡ್ರಿ’ ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ಅವರ ತಪ್ಪು ಏನೂ ಇಲ್ಲ.

ಇತ್ತೀಚೆಗೆ ಡಬ್ಬಿಯ ಮೇಲೆ ‘4+4’, ‘8+8’ ಎಂದು ಮುದ್ರಿಸಿ ಎರಡನ್ನೂ ಕೂಡಿಸಿ ಮಾರುವ ರೂಢಿ ಬಂದಿದೆ. ಕೂಡಿಸಿದ ಎರಡನೆಯ ಅಂಕಿ ನಿಜವಾದ ರ‍್ಯಾಮ್ ಅಲ್ಲ. ಸ್ಟೋರೇಜಿನದೇ ಒಂದು ಭಾಗವನ್ನು ರ‍್ಯಾಮ್ ಎಂಬಂತೆ ಬಳಸುವ ಏರ್ಪಾಡು ಅದು. ರ‍್ಯಾಮಿಗಿಂತ ಎಷ್ಟೋ ಪಟ್ಟು ನಿಧಾನ, ಜತೆಗೆ ಸ್ಟೋರೇಜಿನ ಜಾಗವನ್ನೂ ಅಷ್ಟು ತಿನ್ನುತ್ತದೆ. ಕೊಳ್ಳುವವರು ಮೊದಲನೆಯ ಅಂಕಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಅರವತ್ನಾಲ್ಕರ ಲೆಕ್ಕ. ಕಂಪನಿಗಳು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತವೆ. 1024ರ ಗುಣಾಕಾರದಲ್ಲಿ ಎಣಿಸಿದರೆ 64 ಎಂಬುದು 60ಕ್ಕಿಂತ ತುಸು ಕಡಿಮೆಯಾಗುತ್ತದೆ. ಆಂಡ್ರಾಯ್ಡ್ ವ್ಯವಸ್ಥೆ ಮತ್ತು ಕಂಪನಿ ಮೊದಲೇ ತುಂಬಿ ಕಳಿಸಿದ ಆ್ಯಪ್‌ಗಳಿಗೆ ಸಾಮಾನ್ಯವಾಗಿ 15ರಿಂದ 20 ಜಿಬಿ ಹೋಗುತ್ತದೆ. ಕೈಗೆ ಉಳಿಯುವುದು 40ರ ಆಸುಪಾಸು. ಒಂದು ಫೋಟೊಗೆ 3ರಿಂದ 5 ಎಂಬಿ ಹಿಡಿದರೆ ಎರಡು ಸಾವಿರ ಫೋಟೊಗಳಿಗೆ 8 ಜಿಬಿ ಸಾಕು. ಹಾಡಾದರೆ ನಿಮಿಷಕ್ಕೆ ಸುಮಾರು 1 ಎಂಬಿ. ವಿಡಿಯೊದ ಮಾತು ಬೇರೆ: ಈಗಿನ ಫೋನುಗಳ ಸಾಮಾನ್ಯ ಗುಣಮಟ್ಟದಲ್ಲಿ ನಿಮಿಷಕ್ಕೆ 100ರಿಂದ 130 ಎಂಬಿ. ಮಠದ ಪ್ರವಚನವನ್ನೋ ಮಗಳ ಸೀಮಂತವನ್ನೋ ಒಂದು ತಾಸು ಚಿತ್ರೀಕರಿಸಿದರೆ ಆರೇಳು ಜಿಬಿ ಒಂದೇ ಏಟಿಗೆ ತುಂಬಿತು.

ಅಕ್ಷರಕ್ಕೂ ಚಿತ್ರಕ್ಕೂ ಇರುವ ಈ ಅಂತರ ಗದಗಿನಲ್ಲಿ ಕೂತು ಯೋಚಿಸುವವರಿಗೆ ಬೆರಗು ಹುಟ್ಟಿಸುವಂಥದ್ದು. ಇಲ್ಲಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಬರೆದ ಭಾರತದಲ್ಲಿ ಎಂಟು ಸಾವಿರಕ್ಕೂ ಮೀರಿದ ಪದ್ಯಗಳಿವೆ. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. ಯುನಿಕೋಡ್ ಬರಹದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಸಾಮಾನ್ಯವಾಗಿ 3 ಬೈಟ್ ಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು. ಕನ್ನಡಕ್ಕೆ ಮೂರು ಪಟ್ಟು ಜಾಗ ಕೊಟ್ಟು ಲೆಕ್ಕ ಹಾಕಿದರೂ ಪದ್ಯವೊಂದಕ್ಕೆ ಸುಮಾರು 500 ಬೈಟ್. ಹತ್ತು ಪರ್ವಗಳ ಇಡೀ ಕಾವ್ಯ ನಾಲ್ಕೈದು ಎಂಬಿಯಲ್ಲಿ ಮುಗಿಯುತ್ತದೆ, ಅಂದರೆ ಹೊಲದಲ್ಲಿ ನಿಂತು ತೆಗೆದ ಒಂದು ಫೋಟೊದಷ್ಟು. ಸಂಗೀತದ ಲೆಕ್ಕವೂ ಹೀಗೆಯೇ. ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮರುಳಾಗಿ, 1933ರಲ್ಲಿ ಹನ್ನೊಂದರ ಪ್ರಾಯದಲ್ಲಿ ಗುರುವನ್ನು ಹುಡುಕಿ ಮನೆಬಿಟ್ಟ ಭೀಮಸೇನ ಜೋಶಿ ನಮ್ಮ ಜಿಲ್ಲೆಯವರೇ. ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ಇಂದಿನ ಲೆಕ್ಕದಲ್ಲಿ 3 ಎಂಬಿ.

ಹಾಗಾದರೆ 40 ಜಿಬಿ ತುಂಬುವುದು ಯಾವುದರಿಂದ? ಬಹುಪಾಲು ನಾವು ಬೇಡದೆ ಬಂದದ್ದರಿಂದ. 2018ರ ಜನವರಿಯಲ್ಲಿ ಅಮೆರಿಕದ ‘ವಾಲ್‌ಸ್ಟ್ರೀಟ್ ಜರ್ನಲ್’ ಪತ್ರಿಕೆ ಭಾರತದ ಫೋನುಗಳ ಬಗ್ಗೆಯೇ ಒಂದು ವರದಿ ಮಾಡಿತ್ತು. ಭಾರತದಲ್ಲಿ ಫೋನುಗಳು ಯಾಕೆ ಸ್ತಬ್ಧವಾಗುತ್ತಿವೆ ಎಂದು ಗೂಗಲ್‌ನವರು ಹುಡುಕಿದಾಗ ಸಿಕ್ಕಿದ್ದು ಹೂವು, ಸೂರ್ಯೋದಯ, ದೇವರ ಚಿತ್ರಗಳಿರುವ ‘ಗುಡ್ ಮಾರ್ನಿಂಗ್’ ಸಂದೇಶಗಳ ರಾಶಿ. ಸ್ಟೋರೇಜ್ ತಯಾರಿಸುವ ವೆಸ್ಟರ್ನ್ ಡಿಜಿಟಲ್ ಕಂಪನಿಯ ಪ್ರಕಾರ ಭಾರತದಲ್ಲಿ ಮೂವರಲ್ಲಿ ಒಬ್ಬರ ಫೋನು ದಿನವೂ ಜಾಗ ಸಾಲದೆ ಒದ್ದಾಡುತ್ತಿತ್ತು, ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರದು. ಅನವಶ್ಯಕ ಕಡತಗಳನ್ನು ಹೆಕ್ಕಿ ಅಳಿಸುವ ‘ಫೈಲ್ಸ್ ಗೋ’ ಎಂಬ ಆ್ಯಪ್ಪನ್ನು ಗೂಗಲ್ 2017ರ ಡಿಸೆಂಬರಿನಲ್ಲಿ ಬಿಟ್ಟದ್ದೇ ಈ ತೊಂದರೆಗೆ ಮದ್ದಾಗಿ.

ಆ ವರದಿ ಓದಿ ನಕ್ಕವರಿದ್ದರು. ನನಗೆ ನಗು ಬರಲಿಲ್ಲ. ಬೆಳಗ್ಗೆ ಎದ್ದು ಬೀಗರಿಗೆ, ಗೆಳತಿಯರಿಗೆ, ದೂರದ ಊರು ಸೇರಿದ ಮಗನಿಗೆ ಒಂದು ದೇವರ ಪಟ ಕಳಿಸುವ ಹಿರಿಯರು ‘ನಾನಿದ್ದೇನೆ, ನೀವೂ ಚೆನ್ನಾಗಿರಿ’ ಎಂದು ಹೇಳುತ್ತಿರುತ್ತಾರೆ. ಕುಂದು ಇರುವುದು ಕಳಿಸಿದವರಲ್ಲಲ್ಲ. ಬಂದ ಚಿತ್ರವನ್ನು ಕೇಳದೆಯೇ ಇಳಿಸಿಕೊಂಡು, ನಾವು ಮುಂದಕ್ಕೆ ಕಳಿಸಿದರೆ ಅದಕ್ಕೂ ಪ್ರತಿ ಇಟ್ಟು, ಗ್ಯಾಲರಿಯಲ್ಲಿ ಆಧಾರ್ ಕಾರ್ಡಿನ ಪಕ್ಕದಲ್ಲೇ ಕೂರಿಸುವ ಆ್ಯಪ್ಪಿನ ರಚನೆಯಲ್ಲಿ. ಅದನ್ನು ತಡೆಯುವ ಗುಂಡಿ ಸೆಟ್ಟಿಂಗ್ಸಿನ ಒಳಗೆಲ್ಲೋ ಇದೆ. ತೋರಿಸಿಕೊಡುವವರು ಬೇಕು, ಅಷ್ಟೆ.

ನಮ್ಮ ಕಡೆ ಈ ಜಾಗದ ಕಥೆ ಶುರುವಾದದ್ದು ಮೆಮೊರಿ ಕಾರ್ಡಿನಿಂದ. ಉಗುರಿನಷ್ಟು ಚಿಕ್ಕ ಕಾರ್ಡನ್ನು ಅಂಗಡಿಗೆ ಒಯ್ದು ಕೊಟ್ಟರೆ ಹಂತಿ ಪದ, ಭಜನೆ, ಡೊಳ್ಳಿನ ಪದ, ಸಿನಿಮಾ ಹಾಡು, ನಾಟಕದ ಕಾಮಿಡಿ ಎಲ್ಲ ತುಂಬಿಸಿ ಕೊಡುತ್ತಿದ್ದರು. 2 ಜಿಬಿ, 4 ಜಿಬಿ ಅಂದರೆ ಆಗ ದೊಡ್ಡದು. ಹೊಲದಲ್ಲಿ ಕಳೆ ತೆಗೆಯುವಾಗ, ಟ್ರ್ಯಾಕ್ಟರಿನಲ್ಲಿ, ಬೆಟಗೇರಿಯ ನೇಕಾರರ ಮನೆಯ ಮಗ್ಗದ ಸದ್ದಿನ ನಡುವೆ ಆ ಹಾಡುಗಳೇ. ಅದರಲ್ಲಿ ಏನಿರಬೇಕೆಂದು ತೀರ್ಮಾನಿಸುತ್ತಿದ್ದವರು ಫೋನಿನ ಒಡೆಯರೇ. ಬೇಸರವಾದರೆ ಅಳಿಸಿ ಬೇರೆ ಹಾಕಿಸುತ್ತಿದ್ದರು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಹಾಡು ಇಟ್ಟುಕೊಳ್ಳುವ ಅಗತ್ಯ ತಪ್ಪಿತು. 2017ರಲ್ಲಿ ಘೋಷಣೆಯಾದ ಜಿಯೊಫೋನಿಗೆ 512 ಎಂಬಿ ರ‍್ಯಾಮ್, 4 ಜಿಬಿ ಸ್ಟೋರೇಜ್ ಸಾಕಾಗಿತ್ತು. ಎಲ್ಲವೂ ಗಾಳಿಯಲ್ಲೇ ಸಿಗುವಾಗ ಫೋನಿನಲ್ಲಿ ಜಾಗ ಯಾಕೆ ಎಂಬ ಮಾತು ಆಗ ಕೇಳಿಬರುತ್ತಿತ್ತು. ನಡೆದದ್ದು ಅದರ ತಿರುಗುಮುರುಗು. ಡೇಟಾ ಅಗ್ಗವಾದಷ್ಟೂ ಫೋನಿನೊಳಗೆ ಬಂದು ಬೀಳುವುದು ಹೆಚ್ಚಾಯಿತು.

ದುಡಿಮೆಗೆ ಸೇರಿದ ಫೋನು

ಈ ಬರಹದ ಸಂಕಟ ಇರುವುದು ಇಲ್ಲಿ. 2020ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ರೈತರೇ ತಮ್ಮ ಬೆಳೆಯ ಸಮೀಕ್ಷೆ ಮಾಡುವ ಆ್ಯಪ್ ತಂದಿತು. ಒಳ್ಳೆಯ ಯೋಚನೆ. ಪಹಣಿಯ ಬೆಳೆ ಕಾಲಮ್ಮಿಗೆ, ಬೆಳೆ ವಿಮೆಯ ತಕರಾರಿಗೆ, ಬೆಂಬಲ ಬೆಲೆಯ ಖರೀದಿಗೆ, ಬರ ಪರಿಹಾರಕ್ಕೆ ಈ ಮಾಹಿತಿಯೇ ಆಧಾರ. ಒಣಬೇಸಾಯವನ್ನೇ ನೆಚ್ಚಿದ ಶಿರಹಟ್ಟಿ, ಮುಂಡರಗಿ ಸೀಮೆಯ ರೈತನಿಗೆ ಇದು ಸಣ್ಣ ವಿಷಯವಲ್ಲ. ಮಳೆ ಕೈಕೊಟ್ಟ ವರ್ಷ ಇದರ ಮೇಲೆಯೇ ಪರಿಹಾರ ನಿಂತಿರುತ್ತದೆ. ಆದರೆ ಮುಂಗಾರಿಗೊಂದು, ಹಿಂಗಾರಿಗೊಂದು, ಬೇಸಿಗೆಗೊಂದು ಆ್ಯಪ್. ಹೊಲದ ಮಾಹಿತಿ ಇಳಿಸಿಕೊಳ್ಳಬೇಕು, ಜಿಪಿಎಸ್ ಹಿಡಿಯಬೇಕು, ಹೊಲದ ಗಡಿಯೊಳಗೆ ನಿಂತು ಬೆಳೆಯ ಫೋಟೊ ತೆಗೆಯಬೇಕು, ಸಿಗ್ನಲ್ ಸಿಕ್ಕಲ್ಲಿ ಏರಿಸಬೇಕು. ಕಪ್ಪತಗುಡ್ಡದ ಸೆರಗಿನಲ್ಲಿ ಸಿಗ್ನಲ್ ಗಟ್ಟಿಯಿಲ್ಲದ ಕಡೆ ಫೋಟೊಗಳು ಫೋನಿನಲ್ಲೇ ಕಾಯಬೇಕು. ಜಾಗವಿಲ್ಲದ ಫೋನಿನಲ್ಲಿ ಆ್ಯಪ್ ಇಳಿಯುವುದೇ ಇಲ್ಲ.

ಅಂಗನವಾಡಿ ಕಾರ್ಯಕರ್ತೆಯರ ಪಾಡು ಇದಕ್ಕಿಂತ ಬಿಗಿ. ಕೇಂದ್ರ ಸರ್ಕಾರ 2021ರ ಮಾರ್ಚಿನಲ್ಲಿ ‘ಪೋಷಣ್ ಟ್ರ್ಯಾಕರ್’ ಆ್ಯಪ್ ಜಾರಿಗೆ ತಂದಿತು. ಮಕ್ಕಳ ತೂಕ, ಎತ್ತರ, ಹಾಜರಿ, ಗರ್ಭಿಣಿ ಬಾಣಂತಿಯರ ವಿವರ ಎಲ್ಲ ಅದರಲ್ಲೇ ದಾಖಲಾಗಬೇಕು. ಆ ವರ್ಷ ಆಗಸ್ಟಿನಲ್ಲಿ ನಮ್ಮ ಪಕ್ಕದ ಮಹಾರಾಷ್ಟ್ರದ ಕಾರ್ಯಕರ್ತೆಯರು ಸರ್ಕಾರ ಕೊಟ್ಟಿದ್ದ ಫೋನುಗಳನ್ನು ಹಿಂದಿರುಗಿಸುವ ಚಳವಳಿಯನ್ನೇ ನಡೆಸಿದರು. ಅವರ ದೂರುಗಳಲ್ಲಿ ಮುಖ್ಯವಾದದ್ದು, ಫೋನಿನಲ್ಲಿ ಇರುವುದೇ 2 ಜಿಬಿ ರ‍್ಯಾಮ್, ಆ್ಯಪ್ ನಡೆಯುವುದಿಲ್ಲ, ಫೋನು ಬಿಸಿಯಾಗಿ ನಿಲ್ಲುತ್ತದೆ ಎಂಬುದು. ಹೀಗಾದಾಗ ಕೆಲಸ ನಿಲ್ಲುವುದಿಲ್ಲ; ತಮ್ಮ ಮನೆಯ ಫೋನಿಗೆ, ಮಗನ ಫೋನಿಗೆ ಆ್ಯಪ್ ಹಾಕಿಕೊಂಡು ಮಾಡಬೇಕಾಗುತ್ತದೆ. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಪಡಿತರ ಕೊಡಲು ಫಲಾನುಭವಿಯ ಮುಖ ಗುರುತಿಸುವ ಪದ್ಧತಿಯೂ ಕಡ್ಡಾಯವಾಯಿತು. ಅದಕ್ಕೆ ಕ್ಯಾಮೆರಾ ಬೇಕು, ರ‍್ಯಾಮ್ ಬೇಕು, ನೆಟ್‌ವರ್ಕ್ ಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೂ ಬಾಗಿಲಲ್ಲಿ ನಿಂತ ಬಾಣಂತಿ ಕಾಯುತ್ತಾಳೆ, ಅವಳ ಅಸಮಾಧಾನವನ್ನು ಕಾರ್ಯಕರ್ತೆ ಹೊರುತ್ತಾಳೆ.

ತಲಾಟಿಗಳೆಂದು ನಾವು ಇಂದಿಗೂ ಕರೆಯುವ ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದಾದ್ಯಂತ ಮುಷ್ಕರಕ್ಕಿಳಿದರು, 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ. ಹದಿನೈದಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಎನ್ನುತ್ತೀರಿ, ಅದಕ್ಕೆ ಬೇಕಾದ ಮೊಬೈಲ್, ಲ್ಯಾಪ್‌ಟಾಪ್, ಇಂಟರ್ನೆಟ್ ಕೊಡುವುದಿಲ್ಲ ಎಂಬುದು ಅವರ ಬೇಡಿಕೆಗಳಲ್ಲಿ ಎದ್ದು ಕಂಡ ಮಾತು. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾದಾಗ ಶಿಕ್ಷಕರು ತಮ್ಮ ತಮ್ಮ ಫೋನು ಹಿಡಿದು ಮನೆ ಮನೆ ತಿರುಗಿದರು. ಮೊದಲ ದಿನಗಳಲ್ಲಿ ಆ್ಯಪ್ ಸತಾಯಿಸಿದ್ದನ್ನು ರಾಜ್ಯದ ಎಲ್ಲ ಕಡೆಯವರೂ ನೋಡಿದ್ದಾರೆ.

ಈ ಎಲ್ಲ ಕಡೆ ಒಂದೇ ಪದ್ಧತಿ ಕಾಣುತ್ತದೆ. ಆ್ಯಪ್ ಸಿದ್ಧಪಡಿಸುವವರು ರಾಜಧಾನಿಯಲ್ಲಿ ಹೊಸ ಫೋನಿನ ಮೇಲೆ ಅದನ್ನು ಪರೀಕ್ಷಿಸುತ್ತಾರೆ. ಅದು ನಡೆಯಬೇಕಾದದ್ದು ನಾಲ್ಕು ವರ್ಷ ಹಳೆಯ, ಪರದೆ ಬಿರುಕುಬಿಟ್ಟ, ಒಂದು ಜಿಬಿ ಜಾಗವೂ ಉಳಿದಿಲ್ಲದ ಫೋನಿನಲ್ಲಿ. ಹಿಂದೆ ಸರ್ಕಾರಿ ಕೆಲಸಕ್ಕೆ ರಿಜಿಸ್ಟರು, ಇಂಕು, ಮೇಜು ಸರ್ಕಾರವೇ ಕೊಡುತ್ತಿತ್ತು. ಮುದ್ರಣಕ್ಕೆ ಹೆಸರಾದ ಗದಗಿನವರಿಗೆ ರಿಜಿಸ್ಟರು, ರಸೀದಿ ಪುಸ್ತಕ, ಫಾರಮ್ಮುಗಳ ಲೆಕ್ಕ ಚೆನ್ನಾಗಿ ಗೊತ್ತು. ಎಷ್ಟು ಪುಟ, ಎಷ್ಟು ಪ್ರತಿ, ಯಾರ ಖರ್ಚು ಎಲ್ಲವೂ ಆರ್ಡರಿನಲ್ಲೇ ಇರುತ್ತಿತ್ತು. ಈಗ ರಿಜಿಸ್ಟರು ಫೋನಿನೊಳಗೆ ಹೋಗಿದೆ, ಅದರ ಖರ್ಚು ಸದ್ದಿಲ್ಲದೆ ಕೆಲಸ ಮಾಡುವವರ ಜೇಬಿಗೆ ಬಂದಿದೆ. ಮಾಸಿಕ ಗೌರವಧನದ ಮೇಲೆ ದುಡಿಯುವ ಹೆಣ್ಣುಮಗಳು ಇಲಾಖೆಯ ಆ್ಯಪ್ಪಿಗೆ ಜಾಗ ಮಾಡಲು ತನ್ನ ಮಗುವಿನ ಮೊದಲ ಹೆಜ್ಜೆಯ ವಿಡಿಯೊ ಅಳಿಸಬೇಕಾಗಿ ಬರುವುದು ಅನ್ಯಾಯ. ಇಂಥ ಆ್ಯಪ್ ಕಡ್ಡಾಯ ಮಾಡುವ ಪ್ರತಿ ಆದೇಶದಲ್ಲಿ ಎಷ್ಟು ರ‍್ಯಾಮ್, ಎಷ್ಟು ಖಾಲಿ ಜಾಗ ಬೇಕು, ಅಂಥ ಫೋನನ್ನು ಯಾರು ಕೊಡುತ್ತಾರೆ ಎಂಬ ಎರಡು ಸಾಲು ಇರಲೇಬೇಕು. ಎರಡು ಜಿಬಿ ರ‍್ಯಾಮಿನ ಫೋನಿನಲ್ಲಿ ಪರೀಕ್ಷಿಸದ ಆ್ಯಪ್ಪನ್ನು ಹಳ್ಳಿಗೆ ಕಳಿಸಬಾರದು.

ಇದೇ ಲೆಕ್ಕ ಮಕ್ಕಳ ವಿಷಯದಲ್ಲೂ ಒಮ್ಮೆ ಕಹಿಯಾಗಿ ಎದುರಾಗಿತ್ತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠಗಳು ಶುರುವಾದಾಗ ನಮ್ಮ ಜಿಲ್ಲೆಯ ತಾಯಿಯೊಬ್ಬರು ತಾಳಿ ಅಡವಿಟ್ಟು ಟಿ.ವಿ. ತಂದ ಸುದ್ದಿ ನಾಡನ್ನೆಲ್ಲ ಕಲಕಿತ್ತು. ಆ ದಿನಗಳಲ್ಲಿ ಮನೆಗೊಂದೇ ಫೋನು. ಅದರಲ್ಲಿ ಅಪ್ಪನ ವ್ಯವಹಾರ, ಅಣ್ಣನ ಕಾಲೇಜು, ತಂಗಿಯ ಶಾಲೆಯ ಗುಂಪು. ಶಿಕ್ಷಕರು ಕಳಿಸಿದ ಪಾಠದ ವಿಡಿಯೊ ಇಳಿಯದೆ ನಿಂತ ಮನೆಗಳಲ್ಲಿ ಜಾಗವಿಲ್ಲ ಎಂದರೆ ಪಾಠವಿಲ್ಲ ಎಂದೇ ಅರ್ಥವಾಗಿತ್ತು.

ತುಂಬಿದ ಫೋನು ನಿಧಾನವಾಗುವುದು ಯಾಕೆ ಎಂದು ಹಲವರು ಕೇಳುತ್ತಾರೆ. ಫೋನಿನ ಸ್ಟೋರೇಜ್ ಫ್ಲ್ಯಾಶ್ ಚಿಪ್ಪಿನದು. ಜಪಾನಿನ ತೋಷಿಬಾ ಕಂಪನಿಯಲ್ಲಿ ಫುಜಿಯೊ ಮಸುಒಕಾ 1980ರ ದಶಕದಲ್ಲಿ ರೂಪಿಸಿದ ತಂತ್ರ ಅದು. ಇದರಲ್ಲಿ ಬರೆಯುವುದು ಸಣ್ಣ ಸಣ್ಣ ಪುಟಗಳಲ್ಲಿ, ಅಳಿಸುವುದು ಮಾತ್ರ ದೊಡ್ಡ ಕಟ್ಟುಗಳಲ್ಲಿ. ಒಂದು ಕಟ್ಟಿನಲ್ಲಿ ಬೇಕಾದದ್ದೂ ಬೇಡವಾದದ್ದೂ ಬೆರೆತಿದ್ದರೆ ಬೇಕಾದದ್ದನ್ನು ಬೇರೆ ಖಾಲಿ ಕಟ್ಟಿಗೆ ಸಾಗಿಸಿ ಆಮೇಲೆ ಅಳಿಸಬೇಕು. ಖಾಲಿ ಕಟ್ಟುಗಳೇ ಇಲ್ಲದಾಗ ಪ್ರತಿ ಸಣ್ಣ ಬರಹಕ್ಕೂ ಈ ಸಾಗಾಟ ನಡೆದು ಫೋನು ಏದುಸಿರು ಬಿಡುತ್ತದೆ. ಏಳೆಂಟು ಸಾವಿರದ ಫೋನುಗಳಲ್ಲಿ ಸಾಮಾನ್ಯವಾಗಿ ಹಾಕುವ ಇಎಂಎಂಸಿ ಬಗೆಯ ಚಿಪ್ಪು ಮೊದಲೇ ನಿಧಾನದ್ದು, ಅದರಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಆದ್ದರಿಂದ ಒಟ್ಟು ಜಾಗದ ಹತ್ತರಲ್ಲಿ ಒಂದು ಪಾಲನ್ನಾದರೂ, ಸಾಧ್ಯವಾದರೆ ಎರಡನ್ನು, ಯಾವತ್ತೂ ಖಾಲಿ ಬಿಡುವುದು ಒಳ್ಳೆಯದು. ‘ಫೋನ್ ಕ್ಲೀನರ್’, ‘ಬೂಸ್ಟರ್’ ಎಂದು ಜಾಹೀರಾತು ಕೊಡುವ ಆ್ಯಪ್‌ಗಳನ್ನು ಹಾಕಬೇಡಿ. ಅವುಗಳಲ್ಲಿ ಎಷ್ಟೋ ತಾವೇ ಜಾಗ ತಿಂದು ಜಾಹೀರಾತು ಸುರಿಯುತ್ತವೆ. ಮಾಡಬೇಕಾದದ್ದು ಇಷ್ಟು: ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸಿನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’ ತೆರೆದರೆ 5 ಎಂಬಿಗಿಂತ ದೊಡ್ಡ ಕಡತಗಳು, ಹಲವು ಸಲ ಫಾರ್ವರ್ಡ್ ಆದವು ಎಲ್ಲ ಬೇರೆ ಬೇರೆ ಕಾಣುತ್ತವೆ. ಅಲ್ಲಿಯೇ ತಾನಾಗಿ ಇಳಿಯುವುದನ್ನು ನಿಲ್ಲಿಸಲೂಬಹುದು. ಹಲವು ಫೋನುಗಳಲ್ಲಿ ಅರ್ಧ ಗಂಟೆಯ ಈ ಕೆಲಸಕ್ಕೆ ಹತ್ತು ಜಿಬಿಯವರೆಗೂ ಬಿಡುಗಡೆಯಾಗುತ್ತದೆ.

‘ಎಲ್ಲ ಕ್ಲೌಡಿಗೆ ಹಾಕ್ರಿ’ ಎಂಬ ಸಲಹೆಯನ್ನು ಪಟ್ಟಣದ ಹುಡುಗರು ಸಲೀಸಾಗಿ ಕೊಡುತ್ತಾರೆ. ಗೂಗಲ್ ಫೋಟೊಸ್‌ನಲ್ಲಿ ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದಾಗಿದ್ದ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಮೇಲ್, ಫೋಟೊ ಎಲ್ಲ ಸೇರಿ 15 ಜಿಬಿ ಉಚಿತ, ಮುಂದಕ್ಕೆ ಬಾಡಿಗೆ. 2024ರಿಂದ ವಾಟ್ಸ್‌ಆ್ಯಪ್‌ನ ಬ್ಯಾಕಪ್ ಕೂಡ ಅದೇ 15ರ ಲೆಕ್ಕಕ್ಕೆ ಸೇರಿತು. ಗುಡ್ ಮಾರ್ನಿಂಗ್ ಚಿತ್ರಗಳು ಫೋನಿನಿಂದ ಹೊರಟು ಅಲ್ಲಿಯೂ ಜಾಗ ಹಿಡಿದವು. ಇನ್ನು ಪಾಸ್‌ವರ್ಡ್ ಮರೆತು, ಸಿಮ್ ಬದಲಿಸಿ, ಫೋನು ಕೊಟ್ಟ ಅಂಗಡಿಯವರೇ ತೆರೆದುಕೊಟ್ಟ ಮೇಲ್ ವಿಳಾಸ ಯಾವುದೆಂದೇ ತಿಳಿಯದೆ ತಮ್ಮ ಫೋಟೊಗಳನ್ನು ಶಾಶ್ವತವಾಗಿ ಕಳೆದುಕೊಂಡ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ತೀರಿಕೊಂಡ ಅಪ್ಪನ ದನಿ ಒಂದು ವಾಯ್ಸ್ ಮೆಸೇಜಿನಲ್ಲಿ ಮಾತ್ರ ಉಳಿದಿರುವ ಮನೆಗಳಿವೆ. ಅಂಥದ್ದನ್ನು ಫೋನಿನ ಮೇಲಾಗಲಿ ಕ್ಲೌಡಿನ ಮೇಲಾಗಲಿ ಒಂದರ ಮೇಲೇ ಭಾರ ಹಾಕಿ ಬಿಡಬಾರದು. ಆಧಾರ್, ಅಂಕಪಟ್ಟಿಗಳಂಥ ಕಾಗದಗಳಿಗೆ 2015ರಿಂದಲೂ ಡಿಜಿಲಾಕರ್ ಇದೆ. ಅವುಗಳ ಫೋಟೊವನ್ನು ಗ್ಯಾಲರಿಯಲ್ಲಿ ಹತ್ತು ಸಲ ಇಟ್ಟುಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಕಾರ್ಡು ಹಾಕುವ ಕಿಂಡಿ ಇರುವ ಫೋನು ಸಿಕ್ಕರೆ ನಮ್ಮ ಕಡೆಯವರಿಗೆ ಅದೇ ಲೇಸು. ಆದರೆ ಜಾತ್ರೆಯಲ್ಲಿ, ಬೀದಿಬದಿಯಲ್ಲಿ, ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ ‘1 ಟಿಬಿ’ ಎಂದು ಸಿಗುವ ಕಾರ್ಡು ಖಂಡಿತ ಖೊಟ್ಟಿ. ಒಳಗಿರುವುದು 8 ಅಥವಾ 16 ಜಿಬಿಯ ಚಿಪ್ಪು. ಅದು ತನ್ನನ್ನು 1000 ಜಿಬಿ ಎಂದು ಹೇಳಿಕೊಳ್ಳುವಂತೆ ತಿದ್ದಿರುತ್ತಾರೆ. ನಿಜವಾದ ಜಾಗ ತುಂಬುವವರೆಗೆ ಎಲ್ಲ ಸರಿಯಿರುತ್ತದೆ, ಆಮೇಲೆ ಹಾಕಿದ ಮದುವೆಯ ಫೋಟೊಗಳು ಹೆಸರಿನಲ್ಲಿ ಕಂಡರೂ ತೆರೆಯುವುದಿಲ್ಲ. ಗಟ್ಟಿ ಕಂಪನಿಯ, ಬಿಲ್ಲು ಕೊಡುವ ಅಂಗಡಿಯ 64 ಜಿಬಿ ಕಾರ್ಡು ಆ ಸುಳ್ಳು ಟಿಬಿಗಿಂತ ನೂರು ಪಾಲು ಮೇಲು.

ಈಗ ಅಂಗಡಿಯ ಪ್ರಶ್ನೆಗೇ ನೇರ ಉತ್ತರ. ಕರೆ, ವಾಟ್ಸ್‌ಆ್ಯಪ್, ಹಣ ಕಳಿಸುವ ಆ್ಯಪ್, ಒಂದಿಷ್ಟು ಫೋಟೊ, ಯೂಟ್ಯೂಬಿನಲ್ಲಿ ಪುಟ್ಟರಾಜ ಗವಾಯಿಗಳ ವಚನ ಗಾಯನ, ಇಷ್ಟೇ ಬಳಕೆ ಇರುವ ಹಿರಿಯರಿಗೆ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಸಾಕು. ತಾನಾಗಿ ಇಳಿಯುವುದನ್ನು ನಿಲ್ಲಿಸಿ ಕೊಡಬೇಕು, ಅದೊಂದೇ ಷರತ್ತು. ಬೆಳೆ ಸಮೀಕ್ಷೆ ಮಾಡುವ ರೈತನಿಗೂ ಇದರಲ್ಲೇ ನಡೆದೀತು. ಕಾಲೇಜಿನ ಮಕ್ಕಳಿಗೆ, ವಿಡಿಯೊ ಮಾಡುವವರಿಗೆ, ಅಂಗಡಿ ನಡೆಸುವವರಿಗೆ 6 ಮತ್ತು 128. ಅಂಗನವಾಡಿ, ಆಶಾ, ತಲಾಟಿ, ಸಮೀಕ್ಷೆಯ ಶಿಕ್ಷಕರು, ಇವರಿಗೆ 6 ಮತ್ತು 128ಕ್ಕಿಂತ ಕಡಿಮೆ ಸಾಲದು, ಅದನ್ನು ಕೊಡಬೇಕಾದದ್ದು ಅವರ ಇಲಾಖೆ. 32 ಜಿಬಿಯ ಫೋನನ್ನು ಯಾರಿಗೂ ಕೊಡಿಸಬೇಡಿ. ಆಂಡ್ರಾಯ್ಡ್ 15ಕ್ಕೆ ಗೂಗಲ್ ಹಾಕಿರುವ ಕನಿಷ್ಠ ಮಿತಿಯೇ 32. ರ‍್ಯಾಮ್ ಮತ್ತು ಸ್ಟೋರೇಜ್ ನಡುವೆ ಒಂದಕ್ಕೇ ರೊಕ್ಕ ಇದ್ದರೆ ರ‍್ಯಾಮಿಗೆ ಹಾಕಿ. ಕಿಂಡಿ ಇದ್ದರೆ ಸ್ಟೋರೇಜಿಗೆ ಮುಂದೆ ಕಾರ್ಡು ಸೇರಿಸಬಹುದು, ರ‍್ಯಾಮಿಗೆ ಆಮೇಲೆ ಏನೂ ಸೇರಿಸಲಾಗದು.

ಕಾಲವೂ ಅನುಕೂಲವಾಗಿಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ಕಂಪನಿಗಳು ತಮ್ಮ ಡೇಟಾ ಕೇಂದ್ರಗಳಿಗಾಗಿ ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಬಾಚಿಕೊಳ್ಳತೊಡಗಿ 2025ರ ಕೊನೆಯ ತಿಂಗಳುಗಳಲ್ಲಿ ಅವುಗಳ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ರ‍್ಯಾಮ್ ಚಿಪ್ಪು ಮಾಡುವ ದೊಡ್ಡ ಕಂಪನಿಗಳು ಮೂರೇ: ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಮೈಕ್ರಾನ್ ಅಂತೂ ಸಾಮಾನ್ಯ ಗ್ರಾಹಕರಿಗೆ ‘ಕ್ರೂಶಿಯಲ್’ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಹೇಳಿತು. ದೂರದ ಆ ಡೇಟಾ ಕೇಂದ್ರಗಳ ಹಸಿವು ಮುಂಡರಗಿಯ ಅಂಗಡಿಯ ಏಳು ಸಾವಿರದ ಫೋನಿನ ಬೆಲೆಯನ್ನೂ ಮುಟ್ಟುತ್ತದೆ. ಅದೇ ಬೆಲೆಗೆ ಹಿಂದಿಗಿಂತ ಕಡಿಮೆ ಜಿಬಿ ಸಿಗುವ ದಿನಗಳಿವು. ಇರುವ ಫೋನನ್ನೇ ಇನ್ನೆರಡು ವರ್ಷ ನಡೆಸುವುದು ಜಾಣತನ.

ಇದಕ್ಕೆ ಒಂದೊಂದು ಮನೆಯೂ ಒಂಟಿಯಾಗಿ ಹೆಣಗಬೇಕಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ್ದು ಒಬ್ಬೊಬ್ಬರೇ ಸಾಲದ ಭಾರ ಹೊರಲಾಗದು ಎಂಬ ಕಾರಣಕ್ಕೆ. ಈಗ ನಮ್ಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಾಗಿರುವ ಗ್ರಂಥಾಲಯಗಳಿವೆ, ಹಲವು ಕಡೆ ಕಂಪ್ಯೂಟರುಗಳೂ ಇವೆ. ವಾರಕ್ಕೊಂದು ಸಂಜೆ ಊರವರು ತಮ್ಮ ಫೋನು, ತಮ್ಮದೇ ಪೆನ್‌ಡ್ರೈವ್ ತಂದು, ತಮ್ಮ ಕಣ್ಣೆದುರಿಗೇ ಫೋಟೊ, ಕಾಗದ, ದನಿಗಳನ್ನು ಪ್ರತಿ ಮಾಡಿಕೊಂಡು ಹೋಗುವ ಏರ್ಪಾಡಿಗೆ ದೊಡ್ಡ ಖರ್ಚೇನೂ ಇಲ್ಲ. ಪಿಯುಸಿ ಓದುವ ಇಬ್ಬರು ಮಕ್ಕಳಿಗೆ ಒಂದು ದಿನ ಕಲಿಸಿದರೆ ಅವರು ಇಡೀ ಊರಿಗೆ ತೋರಿಸಿಕೊಡುತ್ತಾರೆ. ಪ್ರತಿಯನ್ನು ಕೇಂದ್ರದ ಕಂಪ್ಯೂಟರಿನಲ್ಲಿ ಉಳಿಸಬಾರದು ಎಂಬ ನಿಯಮ ಬಾಗಿಲಲ್ಲೇ ಬರೆದಿರಬೇಕು. ಹೆಣ್ಣುಮಕ್ಕಳು ನಂಬಿ ಬರುವುದು ಆ ಸಾಲಿನ ಮೇಲೆ. ಬೆಳೆ ಸಮೀಕ್ಷೆ ಶುರುವಾಗುವ ಮುಂಚಿನ ವಾರದಲ್ಲಿ, ಜೂನ್ ಜುಲೈನಲ್ಲಿ, ಮೊದಲ ಸಂಜೆ ಇಟ್ಟುಕೊಂಡರೆ ಆ ವರ್ಷದ ಆ್ಯಪ್ಪಿಗೆ ಬೇಕಾದ ಜಾಗವೂ ಆಗಲೇ ಸಿಕ್ಕಿಬಿಡುತ್ತದೆ.